ಮುಚ್ಚಳ ತೆಗೆಯದ ವರುಗುರು

ವರುಗುರು ಗಂಡ ಥೆವುರಿಯನ್ನು ಮಣ್ಣು ಮಾಡಿದ್ದು ದೊಡ್ಡ ಮಳೆ ಹಿಡಿಯುವ ಹಿಂದಿನ ವಾರ. ಮಾರನೆಯ ಬೆಳಿಗ್ಗೆ ಹಸು ಕೂಗಿತು. ಎದ್ದು ಹೋಗಿ ಹಾಲು ಕರೆದಳು. ಸಾವಾದ ಮನೆಯ ಹಸುವಿಗೂ ಕೆಚ್ಚಲು ಬಿಗಿಯುತ್ತದೆ. ಥೆವುರಿಯ ರಬ್ಬರ್ ಬೂಟು ಕೊಟ್ಟಿಗೆಯ ಬಾಗಿಲಲ್ಲೇ ಇತ್ತು. ಅವಳ ಕಾಲಿಗೆ ದೊಡ್ಡದು. ಒಳಗೆ ಮೆಕ್ಕೆಜೋಳದ ತೆನೆಯ ಸಿಪ್ಪೆ ತುರುಕಿ ಮೆಟ್ಟಿಕೊಂಡಳು. ಹಾಲಿನ ಕ್ಯಾನು ಹೊತ್ತು ಅವಳು ಇಳಿಜಾರು ಇಳಿಯುವಾಗ ಬೂಟಿನ ಸದ್ದಿಗೆ ಜನ ಥೆವುರಿ ಬಂದನೆಂದು ತಿರುಗಿ ನೋಡಿ, ಆಮೇಲೆ ಮುಖ ತಗ್ಗಿಸುತ್ತಿದ್ದರು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗಾಕಂಗದ ದಿಣ್ಣೆಗೆ ಅವಳು ಸೊಸೆಯಾಗಿ ಬಂದ ಕಾಲಕ್ಕೆ ಹಾಲಿಗೆ ಬೆಲೆಯೇ ಇರಲಿಲ್ಲ. ನ್ಯೇರಿ ಪೇಟೆಯ ದಲ್ಲಾಳಿಗಳು ಸೈಕಲ್ಲಿನಲ್ಲಿ ಬರುತ್ತಿದ್ದರು. ದಾರಿ ಕೆಸರಾದರೆ ಬರುತ್ತಿರಲಿಲ್ಲ. ಅವರು ಬಾರದ ದಿನ ಹಾಲು ನಾಯಿಗೆ. ಕೊನೆಗೆ ದಿಣ್ಣೆಯವರೇ ಸೇರಿ ಒಂದು ಹಾಲಿನ ಕಂಪನಿ ಕಟ್ಟಿದರು. ಒಂದು ಷೇರಿಗೆ ಹತ್ತು ಶಿಲಿಂಗು. ಥೆವುರಿ ಸಾಕಿದ ಹೋರಿಯನ್ನು ಮಾರಿ, ಬಂದದ್ದನ್ನೆಲ್ಲ ಅದಕ್ಕೇ ಸುರಿದು ಬಂದ.

"ಹೋರಿ ಹೊಡ್ಕೊಂಡು ಹೋದೋನು ಕಾಗದ ಹಿಡ್ಕೊಂಡು ಬಂದ್ಯಲ್ಲ," ಎಂದಳು ವರುಗುರು. "ಇದೇನು ಹುಲ್ಲು ತಿನ್ನುತ್ತಾ?"

"ತಿನ್ನಲ್ಲ. ಅದಕ್ಕೇ ತಂದಿದ್ದು," ಎಂದ ಥೆವುರಿ.

ಮೊದಲ ಶೆಡ್ಡಿಗೆ ಹೊಳೆಯಿಂದ ಕಲ್ಲು ಹೊತ್ತವರಲ್ಲಿ ಅವಳೂ ಇದ್ದಳು. ಹಣೆಗೆ ಚರ್ಮದ ಪಟ್ಟಿ ಕೊಟ್ಟು, ಬೆನ್ನ ಮೇಲೆ ಹೊರೆ. ಆ ಪಟ್ಟಿ ಒತ್ತಿದ ಗುಳಿ ಅವಳ ಹಣೆಯಲ್ಲಿ ಹಾಗೇ ನಿಂತಿತು. ಕಲ್ಲಿಗೆ ಕೂಲಿ ಕೊಡಲಿಲ್ಲ. ನಮ್ಮ ಕಂಪನಿ ತಾನೇ, ಕೂಲಿ ಯಾಕೆ ಎಂದರು. ಅವಳೂ ಹೌದೆಂದಳು.

ಕಂಪನಿ ನಿಂತಿತು. ತಂಪು ಮಾಡುವ ಯಂತ್ರ ಬಂತು, ಲಾರಿ ಬಂತು. ಹತ್ತರ ಷೇರು ಜನರ ಕೈಯಿಂದ ಕೈಗೆ ಐವತ್ತಕ್ಕೆ ಹೋಗತೊಡಗಿತು. ವರ್ಷಕ್ಕೊಮ್ಮೆ ಚರ್ಚಿನ ತಗಡಿನ ಸಭಾಂಗಣದಲ್ಲಿ ಷೇರುದಾರರ ಸಭೆ. ಆ ಸಭೆಯ ಅಡುಗೆ ಮೊದಲಿನಿಂದಲೂ ವರುಗುರುವಿನದು. ಜೊತೆಗೆ ನಾಲ್ವರು ಹೆಂಗಸರು. ಆಲೂಗಡ್ಡೆ, ಜೋಳ, ಕುಂಬಳದ ಸೊಪ್ಪು ಬೇಯಿಸಿ ಕುಟ್ಟಿದ ಮುಕಿಮೊ, ಆಡಿನ ಮಾಂಸದ ಸಾರು, ಚಪಾತಿ, ಚಹಾ. ಮನೆಯಲ್ಲಿ ಮಾಂಸ ಕಾಣದವರು ಆ ದಿನ ಬೆಳಿಗ್ಗೆಯ ಗಂಜಿಯನ್ನೂ ಬಿಟ್ಟು, ಹೊಟ್ಟೆ ಖಾಲಿ ಮಾಡಿಕೊಂಡು ಬರುತ್ತಿದ್ದರು.

ಸಭೆಗೆ ಒಂದು ರೂಢಿ ಬೆಳೆದಿತ್ತು. ಪ್ರಾರ್ಥನೆ, ಭಾಷಣ, ಲೆಕ್ಕ ಓದುವುದು, ಲಾಭದ ಪಾಲು ಹೇಳುವುದು. ಕೊನೆಗೆ ಇತರ ವಿಷಯಗಳು. ಅಲ್ಲಿಗೆ ಬಂದಾಗ ಅಧ್ಯಕ್ಷ ಗಚಾಂಜ ಕಿಟಕಿಯ ಕಡೆ ತಿರುಗಿ, "ಅಮ್ಮಂದಿರೇ, ಮುಚ್ಚಳ ತೆಗೀರಿ," ಎಂದು ಕೂಗುತ್ತಿದ್ದ. ಹಿಂದಿನ ಬೆಂಚುಗಳು ಮೊದಲು ಎದ್ದು ಹೋಗುತ್ತಿದ್ದವು, ಆಮೇಲೆ ನಡುವಿನವು. ಉಳಿದವರು ಎದುರು ಸಾಲಿನವರು. ಅವರು ಕೈ ಎತ್ತುತ್ತಿದ್ದರು, ವಿಷಯ ಪಾಸಾಗುತ್ತಿತ್ತು. ಹೊರಗೆ ತಟ್ಟೆ ಹಿಡಿದು ಸಾಲು ನಿಂತವರಿಗೆ ಏನು ಪಾಸಾಯಿತೆಂದು ಗೊತ್ತಿರುತ್ತಿರಲಿಲ್ಲ. ಡೈರೆಕ್ಟರುಗಳ ಭತ್ಯೆ ಎರಡು ಸಲ ಏರಿದ್ದು ಹಾಗೆಯೇ.

ಥೆವುರಿ ಮಾತ್ರ ಏಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತು ಬೇಡ ಎಂದು ಕೈ ಎತ್ತಿ, ಎಲ್ಲ ಮುಗಿದ ಮೇಲೆ ತಟ್ಟೆ ಹಿಡಿದು ಬರುತ್ತಿದ್ದ. ತಳದ ಸೀಕಲು ಕೆರೆದು ಹಾಕುತ್ತಾ ಅವಳು ಬೈಯುತ್ತಿದ್ದಳು: "ನಿನ್ನ ಒಂದು ಕೈಗೆ ಹೆದರಿ ಅವರು ಓಡಿ ಹೋದ್ರಾ?"

"ಬರ್ದಿಟ್ಕೊಂಡ್ರು. ಒಬ್ಬ ಬೇಡ ಅಂದ ಅಂತ," ಎನ್ನುತ್ತಿದ್ದ.

ಅವನಿಗೆ ಗಂಟಲಲ್ಲಿ ಗೆಡ್ಡೆ ಬಂತು. ಆಸ್ಪತ್ರೆಗೆ ಊರವರು ಹರಂಬೆ ಎಂದು ಎಲ್ಲ ಕೂಡಿ ಚಂದಾ ಎತ್ತಿದರು. ಸಾಲಲಿಲ್ಲ. ಷೇರು ಮಾರೋಣ ಎಂದಳು ವರುಗುರು. ಥೆವುರಿ ಬೇಡ ಎಂದ. ಜಗಳವಾಯಿತು. ಸಾಯುವವನ ಜೊತೆ ಆಡಬಾರದ ಜಗಳ. "ಕಾಗದ ತಬ್ಕೊಂಡು ಸಾಯ್ತೀಯಾ?" ಎಂದಳು. ಅವನಿಗೆ ಆಗ ಪಿಸುಮಾತಷ್ಟೇ ಬರುತ್ತಿತ್ತು. "ನಾನು ಹೇಗೂ ಹೋಗೋನು. ಅದನ್ನೂ ಕರ್ಕೊಂಡು ಹೋಗ್ಲಾ? ನೀನು ಏನು ತಿಂತೀಯಾ?" ಎಂದ. ಷೇರು ಉಳಿಯಿತು. ಅವನು ಉಳಿಯಲಿಲ್ಲ. ಮಾರಿದ್ದರೆ ಇನ್ನಾರು ತಿಂಗಳು ಇರುತ್ತಿದ್ದನೇನೋ. ಆ ಸಿಟ್ಟು ಅವಳಿಗೆ ಇನ್ನೂ ಆರಿಲ್ಲ.

ಆ ವರ್ಷದ ಸಭೆಗೆ ಒಂದು ವಾರವಿದೆ ಎನ್ನುವಾಗ ಮ್ಯಾನೇಜರ್ ಮುಚೆಮಿ ಮನೆಗೆ ಬಂದ. ನೈರೋಬಿಯಲ್ಲಿ ಓದಿದವನು, ಹೊಳೆಯುವ ಬೂಟು, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಕೆಟ್ಟವನಲ್ಲ. ಅವನು ಬಂದ ಮೇಲೆಯೇ ಹಾಲಿನ ದುಡ್ಡು ತಪ್ಪದೆ ತಿಂಗಳಿಗೆ ಸರಿಯಾಗಿ ಕೈಸೇರುತ್ತಿತ್ತು. ಥೆವುರಿಯ ಬಗ್ಗೆ ಎರಡು ಒಳ್ಳೆಯ ಮಾತಾಡಿದ. ಆಮೇಲೆ ಒಂದು ಕಾಗದ ತೆಗೆದ.

"ಅಮ್ಮ, ಇಲ್ಲೊಂದು ಬೆರಳೊತ್ತಿ. ಸಭೆ ದಿನ ನೀವು ಒಲೆ ಮುಂದೆ ಇರ್ತೀರ. ನಿಮ್ಮ ಷೇರಿಗೆ ನಾನೇ ಕೈ ಎತ್ತುತೀನಿ."

"ಯಾತಕ್ಕೆ ಎತ್ತೋದು?"

"ಒಂದು ಸಣ್ಣ ವಿಷ್ಯ. ನಂಗೂ ಡೈರೆಕ್ಟರಿಗೂ ಸ್ವಲ್ಪ ಹೊಸ ಷೇರು ತಗೊಳ್ಳೋ ಹಕ್ಕು. ಆಪ್ಷನ್ ಅಂತಾರೆ. ಐದು ವರ್ಷದೊಳಗೆ ಯಾವಾಗ ಬೇಕಾದ್ರೂ ತಗೋಬಹುದು."

"ಎಷ್ಟಕ್ಕೆ?"

"ಹಳೇ ಬೆಲೆಗೆ. ಹತ್ತಕ್ಕೆ."

"ನಮ್ಮ ಕಡೆ ಐವತ್ತಲ್ವಾ ಈಗ?"

"ಅದಕ್ಕೇ ಅಮ್ಮ ಅದು ಬಹುಮಾನ," ಎಂದು ಮುಚೆಮಿ ನಕ್ಕ. "ಸಂಬಳ ಏರ್ಸಿ ಅಂದ್ರೆ ಕಂಪನಿ ದುಡ್ಡು ಹೋಗುತ್ತೆ. ಇದ್ರಲ್ಲಿ ಕಂಪನಿಗೆ ಒಂದು ಶಿಲಿಂಗೂ ಖರ್ಚಿಲ್ಲ."

ವರುಗುರು ಸಕ್ಕರೆಯ ಪೊಟ್ಟಣವನ್ನು ನೋಡಿದಳು. "ಕಂಪನಿಗೆ ಖರ್ಚಿಲ್ಲ. ನಿಂಗೆ ಸಿಗುತ್ತೆ. ಹಾಗಾದ್ರೆ ಅದು ಯಾರ ಮನೆಯಿಂದ ಬರುತ್ತೆ?"

ಮುಚೆಮಿ ಉತ್ತರ ಕೊಡಲು ಬಾಯಿ ತೆರೆದ. ಕೊಟ್ಟಿಗೆಯಲ್ಲಿ ಹಸು ಒದ್ದಾಡಿದ ಸದ್ದಾಯಿತು. ಅವಳು ಎದ್ದಳು. "ಕಾಗದ ತಗೊಂಡು ಹೋಗಪ್ಪ. ಸಕ್ಕರೇನೂ."

ಥೆವುರಿಯ ತಂಗಿ ಗಥೋನಿಗೆ ಅಡ್ಡರಸ್ತೆಯಲ್ಲಿ ಅಂಗಡಿ. ಅವಳ ಬಾಯಿ ಅಂಗಡಿಗಿಂತ ದೊಡ್ಡದು. ವರುಗುರು ಅಲ್ಲಿಗೆ ಹೋಗಿ, ಮುಚೆಮಿ ಅಂದದ್ದನ್ನೆಲ್ಲ ಒಪ್ಪಿಸಿ ಹೇಳಿದಳು: "ಹೊಸ ಷೇರು ಅಂದ್ರೇನೇ ಕಳ್ಳತನ ಕಣೇ. ನಮ್ಮದ್ರಲ್ಲಿ ಪಾಲಿಗೆ ಬರ್ತಾರೆ."

"ಸುಮ್ನಿರು ಅತ್ತಿಗೆ, ನಿಂಗೆ ಅರ್ಧ ಮಾತ್ರ ಗೊತ್ತು," ಎಂದಳು ಗಥೋನಿ. "ಯಂತ್ರ ತರೋವಾಗ ಹೊಸ ಷೇರು ಮಾರ್ಲಿಲ್ವಾ? ಆಗ ಕೊಂಡೋರು ಅವತ್ತಿನ ಬೆಲೆ ಕೊಟ್ಟು ಕೊಂಡ್ರು. ದುಡ್ಡು ಬಂತು, ಯಂತ್ರ ಬಂತು, ನಮ್ಮ ಷೇರೂ ಏರ್ತು. ಹಾಲಿನ ಜೊತೆ ಹಾಲು ಹುಯ್ದ್ರೆ ಕೆಡಲ್ಲ. ಈಗ ಇವರು ಎಷ್ಟು ಷೇರು ಕೇಳ್ತಿದಾರೆ?"

ಅದು ವರುಗುರುವಿಗೆ ಗೊತ್ತಿರಲಿಲ್ಲ. ಗಥೋನಿಗೆ ಗೊತ್ತಿತ್ತು. ಡೈರೆಕ್ಟರೊಬ್ಬನ ಹೆಂಡತಿ ಅಂಗಡಿಯಲ್ಲಿ ಸಾಲ ಕೇಳುವಾಗ ಬಾಯಿಬಿಟ್ಟಿದ್ದಳು. ಈಗಿರುವ ಎರಡು ಷೇರಿಗೆ ಒಂದು ಹೊಸದು.

ಗಥೋನಿ ಮೂರು ಕ್ಯಾನು ಎಳೆದು ಸಾಲಾಗಿ ಇಟ್ಟಳು. "ಇವೆರಡು ನಮ್ಮವು. ಗಟ್ಟಿ ಹಾಲು, ಐವತ್ತು, ಐವತ್ತು. ಮೂರನೇದು ಅವರದು. ಹತ್ತು ಕೊಟ್ಟು ಬರ್ತಾರೆ. ಅಂದ್ರೆ ಐದ್ರಲ್ಲಿ ಒಂದು ಪಾಲು ಹಾಲು, ನಾಲ್ಕು ಪಾಲು ನೀರು. ಮೂರನ್ನೂ ಒಂದೇ ಟ್ಯಾಂಕಿಗೆ ಹುಯ್ದು, ಎಲ್ರಿಗೂ ಸಮ ಹಂಚಿದ್ರೆ?"

ವರುಗುರು ಕ್ಯಾನುಗಳನ್ನು ದಿಟ್ಟಿಸಿದಳು.

"ನಿನ್ನ ಐವತ್ತು ಮೂವತ್ತಾರು ಚಿಲ್ಲರೆ ಆಗುತ್ತೆ. ಅವರ ಹತ್ತೂ ಮೂವತ್ತಾರು ಆಗುತ್ತೆ. ಕಂಪನಿಗೆ ಖರ್ಚಿಲ್ಲ ಅಂದ್ನಲ್ಲ? ನಿಜ ಹೇಳ್ದ ಪಾಪ."

ಗಾಕಂಗದಲ್ಲಿ ಹಾಲಿಗೆ ನೀರು ಹಾಕಿದವನಿಗೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಶೆಡ್ಡಿನಲ್ಲಿ ಹಾಲು ಅಳೆಯುವವನು ಗಾಜಿನ ಕೊಳವೆ ತೇಲಿಸುತ್ತಾನೆ. ಅದು ಮುಳುಗಿದರೆ ಹಾಲನ್ನು ಎಲ್ಲರೆದುರು ನೆಲಕ್ಕೆ ಚೆಲ್ಲುತ್ತಾರೆ, ಹೆಸರು ಕೂಗುತ್ತಾರೆ. ಹಾಗೆ ಹೆಸರು ಕೂಗಿಸಿಕೊಂಡ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ.

"ಅವತ್ತು ನನ್ನ ಗಂಡ ಔಷಧಿಗೂ ಮುಟ್ಟದೆ ಇಟ್ಟಿದ್ದು," ಎಂದಳು ವರುಗುರು. "ಅದಕ್ಕೆ ನೀರು ಹುಯ್ಯೋಕೆ ನನ್ನ ಬೆರಳೇ ಕೇಳಿದ್ನಲ್ಲ."

"ಏನ್ಮಾಡ್ತೀಯ? ಮುಚ್ಚಳ ತೆಗೆದ್ರೆ ನಮ್ಮ ಜನ ಓಡ್ತಾರೆ. ಓಡಿದ್ರೆ ಪಾಸಾಗುತ್ತೆ."

ಆಗ ವರುಗುರುವಿಗೆ ಹೊಳೆಯಿತು. ಇಷ್ಟು ವರ್ಷ ಮುಚ್ಚಳ ತೆಗೆದು ಅವರಿಗೆ ಗಂಟೆ ಬಾರಿಸಿಕೊಟ್ಟವಳು ತಾನೇ.

ಸಭೆಯ ದಿನ ಎಂದಿನಂತೆ ಬೆಳಕು ಹರಿಯುವ ಮುಂಚೆ ಒಲೆ ಹೂಡಿದಳು. ಆಡು ಬೆಂದಿತು, ಮುಕಿಮೊ ಕುಟ್ಟಿ ಆಯಿತು. ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟು, ಮುಚ್ಚಳದ ಮೇಲೆ ಒಂದೊಂದು ಕಲ್ಲು ಹೇರಿದಳು. ಸಂದಿಗೆ ಬಾಳೆ ಎಲೆ ಸುತ್ತಿದಳು. ಜೊತೆಯ ನಾಲ್ವರಿಗೆ ಹೇಳಿದಳು: "ನಾನು ಬಂದು ಹೇಳೋವರೆಗೆ ಏಸುಸ್ವಾಮಿ ಬಂದು ತಟ್ಟೆ ಹಿಡಿದ್ರೂ ಬಡಿಸಬೇಡಿ."

"ಏಸುಸ್ವಾಮಿ ಬಂದ್ರೆ ಚಹಾನಾದ್ರೂ ಕೊಡ್ಲಾ?" ಎಂದಳು ಒಬ್ಬಳು.

"ಷೇರಿದ್ರೆ ಕೊಡು."

ಒಳಗೆ ಲೆಕ್ಕ ಓದಿದರು, ಪಾಲು ಹೇಳಿದರು, ಚಪ್ಪಾಳೆ ಬಿತ್ತು. ಗಚಾಂಜ ಕಿಟಕಿಗೆ ತಿರುಗಿದ. "ಅಮ್ಮಂದಿರೇ, ಮುಚ್ಚಳ ತೆಗೀರಿ."

ಹಿಂದಿನ ಬೆಂಚುಗಳು ಎದ್ದವು. ಹಿತ್ತಲಿಗೆ ಹೋದವರಿಗೆ ಪರಿಮಳ ಸಿಗಲಿಲ್ಲ. ಕಲ್ಲು ಹೊತ್ತ ಮುಚ್ಚಳಗಳು ಸಿಕ್ಕವು. ಪಾತ್ರೆಗಳ ಮುಂದೆ ವರುಗುರು, ಕೈಯಲ್ಲಿ ಮುಕಿಮೊ ಕುಟ್ಟುವ ಮರದ ಕೋಲು.

"ಹೊಟ್ಟೆ ಚುರುಗುಟ್ತಿದೆ ಕಣಮ್ಮ," ಎಂದ ಒಬ್ಬ ಮುದುಕ.

"ಒಳಗೆ ಹೋಗಿ ಕೈ ಎತ್ತಿ ಬಾ ಅಜ್ಜ. ಆಮೇಲೆ ಬಡಿಸ್ತೀನಿ."

"ಯಾತಕ್ಕೆ ಎತ್ತೋದು?"

"ಅದನ್ನ ಕೇಳೋಕೇ ಒಳಗೆ ಹೋಗು."

ಗೊಣಗಿದರು. ಒಬ್ಬ ತಟ್ಟೆಯನ್ನು ತಮಟೆಯಂತೆ ಬಡಿದ. ಇನ್ನೊಬ್ಬ, ಗಂಡ ಸತ್ತು ತಲೆ ಕೆಟ್ಟಿದೆ ಎಂದ. ವರುಗುರು ಅದನ್ನು ಕೇಳಿಸಿಕೊಂಡಳು. "ಕೆಟ್ಟಿದೆ. ನಡಿ ಒಳಗೆ," ಎಂದು ಅವರ ಹಿಂದೆಯೇ, ದನ ಹೊಡೆದುಕೊಂಡು ಹೋಗುವವಳಂತೆ ಸಭೆಯೊಳಗೆ ಬಂದಳು. ವೇದಿಕೆಯಲ್ಲಿ ಗಚಾಂಜ ಆಗಲೇ ಬಾಯಿತೆರೆದಿದ್ದ. ತುಂಬಿದ ಬೆಂಚುಗಳನ್ನು ಕಂಡು ನಿಲ್ಲಿಸಿದ.

ಗಚಾಂಜ ಥೆವುರಿಯ ಜೊತೆಗೇ, ಒಂದೇ ವರ್ಷ ಸುನ್ನತಿಯಾದವನು. ಹಾಗೆ ಒಟ್ಟಿಗೆ ಗಂಡಸರಾದವರು ಒಬ್ಬರ ಹೆಂಡತಿಯನ್ನು ಇನ್ನೊಬ್ಬರು "ನಮ್ಮ ಹೆಂಡತಿ" ಎಂದು ತಮಾಷೆ ಮಾಡುವುದು ದಿಣ್ಣೆಯ ರೂಢಿ.

"ಏನು ನಮ್ಮ ಹೆಂಡತೀ, ಒಲೆ ಬಿಟ್ಟು ಬಂದೆ? ಸಾರು ಸೀಯುತ್ತೆ," ಎಂದ. ಎದುರು ಸಾಲು ನಕ್ಕಿತು.

"ನಿಮ್ಮ ಹೆಂಡತಿ ಆಗಿದ್ರೆ ಆಸ್ಪತ್ರೆ ಬಿಲ್ಲು ಬಂದಾಗ ಗಂಡ ಎಲ್ಲಿಗೆ ಹೋಗಿದ್ದ?" ಎಂದಳು ವರುಗುರು. ನಗು ನಿಂತಿತು. "ಇತರ ವಿಷಯ ಅಂದ್ರಲ್ಲ, ಅದನ್ನ ಗಟ್ಟಿಯಾಗಿ ಓದಿ. ಇವತ್ತು ಎಲ್ರೂ ಇದಾರೆ."

ಓದಿದರು. ಇಂಗ್ಲಿಷಿನಲ್ಲಿ ಓದಿದರು. ಹಿಂದಿನಿಂದ ಗಥೋನಿ ಎದ್ದಳು. "ನಮ್ಮ ಹಸುಗಳಿಗೆ ಇಂಗ್ಲಿಷ್ ಬರಲ್ಲ ಅಧ್ಯಕ್ಷರೇ, ಕಿಕುಯುನಲ್ಲಿ ಓದಿ." ಆಮೇಲೆ ಕಿಕುಯುವಿನಲ್ಲಿ ಓದಿದರು. ಆದರೂ ಜನರ ಮುಖದಲ್ಲಿ ಏನೂ ಕದಲಲಿಲ್ಲ.

ವರುಗುರು ಕೋಲನ್ನು ನೆಲಕ್ಕೆ ಕುಟ್ಟಿದಳು. "ಇಷ್ಟೇ ವಿಷ್ಯ. ಎರಡು ಕ್ಯಾನು ನಿಮ್ಮ ಹಾಲು. ಒಂದು ಕ್ಯಾನು ಇವರು ತರ್ತಾರೆ. ಅದ್ರಲ್ಲಿ ಐದಕ್ಕೆ ನಾಲ್ಕು ಪಾಲು ನೀರು. ಮೂರೂ ಒಂದೇ ಟ್ಯಾಂಕಿಗೆ. ನೀವು ನೀರು ಹಾಕಿದ್ರೆ ನಿಮ್ಮ ಹಾಲು ಚೆಲ್ತಾರೆ, ಹೆಸರು ಕೂಗ್ತಾರೆ. ಇವರು ಹಾಕಿದ್ರೆ ಬಹುಮಾನ ಅಂತಾರೆ."

ಸಭೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

ಮುಚೆಮಿ ಎದ್ದ. "ಅಮ್ಮ, ನಾನು ಬಂದಾಗ ಈ ಷೇರು ಇಪ್ಪತ್ತಕ್ಕೂ ಹೋಗ್ತಿರ್ಲಿಲ್ಲ. ನಾನು ದುಡ್ದಿದ್ದೀನಿ. ನಂಗೆ ಪಾಲು ಬೇಡ್ವಾ?"

ನ್ಯಾಯದ ಮಾತೇ. ಕೆಲವರು ತಲೆಯಾಡಿಸಿದರು.

"ಬೇಕು," ಎಂದಳು ಗಥೋನಿ, "ಇವತ್ತಿನ ಐವತ್ತಕ್ಕೆ ಬರ್ಕೋ. ನಾಳೆ ಎಪ್ಪತ್ತು ಮಾಡು. ಆವತ್ತೂ ನಿಂಗೆ ಐವತ್ತಕ್ಕೇ ಸಿಗ್ಲಿ. ಮೇಲಿನ ಇಪ್ಪತ್ತು ನಿಂದು. ನೀನು ಬೆಳೆಸಿದ್ದನ್ನ ನೀನು ತಿನ್ನು, ಯಾರ ಹೊಟ್ಟೇನೂ ಉರಿಯಲ್ಲ. ಈ ಡೈರೆಕ್ಟರುಗಳು ಏನು ಬೆಳೆಸಿದ್ರು? ಮೀಸೆ."

ಮುಚೆಮಿ ಗಚಾಂಜನ ಕಡೆ ನೋಡಿದ. ಅವನು ಒಪ್ಪುತ್ತಿದ್ದನೇನೋ. ಗಚಾಂಜ ಒಪ್ಪಲಿಲ್ಲ. "ಪ್ರಸ್ತಾಪ ಇದ್ದ ಹಾಗೇ ಇರುತ್ತೆ," ಎಂದ. ಮೇಜಿನ ಮೇಲಿದ್ದ ಬೆರಳೊತ್ತಿದ ಕಾಗದಗಳ ಕಟ್ಟನ್ನು ಎತ್ತಿ ತೋರಿಸಿದ. "ಇಷ್ಟು ಜನ ಆಗಲೇ ನಮಗೆ ಒಪ್ಪಿಗೆ ಕೊಟ್ಟಾಗಿದೆ."

"ಆ ಬೆರಳುಗಳೆಲ್ಲ ಇಲ್ಲೇ ಬೆಂಚಿನ ಮೇಲೆ ಕೂತಿವೆಯಲ್ಲ," ಎಂದಳು ವರುಗುರು. "ಬದುಕಿರೋರ ಕೈಯನ್ನ ಇನ್ನೊಬ್ಬ ಯಾಕೆ ಎತ್ತಬೇಕು? ಅವರ ಕೈಗೇನು ಪಾರ್ಶ್ವವಾಯು ಬಡಿದಿದ್ಯಾ? ಸತ್ತೋನು ನನ್ನ ಗಂಡ ಒಬ್ಬ. ಅವನ ಕೈ ನಾನು ಎತ್ತುತೀನಿ."

"ಎತ್ತೋ ಹಾಗಿಲ್ಲ," ಎಂದ ಗಚಾಂಜ. ದನಿ ತಣ್ಣಗಿತ್ತು. "ಷೇರು ಇನ್ನೂ ಥೆವುರಿ ಹೆಸರಲ್ಲಿದೆ. ಕೋರ್ಟಿಂದ ನಿನ್ನ ಹೆಸರಿಗೆ ಆಗಿಲ್ಲ. ನಿನ್ನ ಕೈ ಲೆಕ್ಕಕ್ಕಿಲ್ಲ. ನೀನು ಇಲ್ಲಿ ಅಡುಗೆಯವಳು."

ಕಾನೂನು ಅವನ ಕಡೆಗೇ ಇತ್ತು. ವರುಗುರು ಮೇಜಿನತ್ತ ಒಂದು ಹೆಜ್ಜೆ ಇಟ್ಟಳು.

"ಮೊನ್ನೆ ನಿಮ್ಮ ಮ್ಯಾನೇಜರು ಸಕ್ಕರೆ ತಂದು ಬೆರಳು ಕೇಳಿದಾಗ ನನ್ನ ಬೆರಳು ಲೆಕ್ಕಕ್ಕಿತ್ತು. ನಿಮ್ಮ ಕಡೆಗಾದ್ರೆ ಬೆರಳೂ ನಡೆಯುತ್ತೆ. ನನ್ನ ಕಡೆಗಾದ್ರೆ ಇಡೀ ಕೈಯೂ ನಡೆಯಲ್ಲ." ಅವಳು ಜನರತ್ತ ತಿರುಗಿದಳು. "ಆಯ್ತು. ನನ್ನದು ಎಣಿಸಬೇಡಿ. ಅಡುಗೆಯವಳು ಅಂದ್ರಲ್ಲ, ಹೌದು, ಅಡುಗೆಯವಳೇ. ಮುಚ್ಚಳ ನಂದು. ನಿಮ್ಮ ಕೈ ಎಣಿಸಿ ಮುಗಿಯೋವರೆಗೆ ಅದು ಏಳಲ್ಲ. ಹೂಂ ಅಂತಾದ್ರೂ ಎತ್ತಿ, ಊಹೂಂ ಅಂತಾದ್ರೂ ಎತ್ತಿ. ಸಾರು ಇಬ್ರಿಗೂ ಒಂದೇ."

ತಟ್ಟೆ ಬಡಿದಿದ್ದ ಗಂಡಸು ಎದ್ದು, ಮೇಜಿನ ಬಳಿ ಹೋಗಿ, "ನನ್ನ ಕಾಗದ ಕೊಡಿ," ಎಂದ. ಕೊಡಲು ತಡವಾದಾಗ ಕಟ್ಟಿಗೇ ಕೈ ಹಾಕಿದ. ಅವನ ಹಿಂದೆ ಮುದುಕ ಬಂದ. ಮುದುಕನ ಹಿಂದೆ ಸಾಲು ನಿಂತಿತು. ಆ ಜನಕ್ಕೆ ಸಾಲು ನಿಲ್ಲುವುದು ಚೆನ್ನಾಗಿ ಗೊತ್ತಿತ್ತು.

ಬೇಕು ಎಂದು ಎದುರು ಸಾಲಿನವರು ಎತ್ತಿದರು. ಡೈರೆಕ್ಟರುಗಳು, ಅವರ ತಮ್ಮಂದಿರು, ಅವರ ಭಾವಮೈದುನರು. ಬೇಡ ಎಂದು ಕೇಳಿದಾಗ ಬೆಂಚುಗಳ ಮೇಲೆ ಕೈಗಳು ಎದ್ದವು. ಷೇರಿನ ಲೆಕ್ಕ ಹಾಕಿದರೂ ಅದೇ ಹೆಚ್ಚಾಯಿತು. ವರುಗುರುವೂ ಎತ್ತಿದಳು. ಗುಮಾಸ್ತ ಎಣಿಸುತ್ತಾ ಅವಳ ಮುಂದೆ ಬಂದು, ಕಣ್ಣು ತಗ್ಗಿಸಿ, ಮುಂದಕ್ಕೆ ಹೋದ. ಅವಳು ಇಳಿಸಲಿಲ್ಲ. ಎಣಿಕೆ ಮುಗಿಯುವವರೆಗೂ ಹಾಗೇ ಹಿಡಿದಿದ್ದಳು.

ಸಾರು ತಳ ಹಿಡಿದಿತ್ತು. ಜನ ಬೈದುಕೊಂಡೇ ತಿಂದರು, ಎರಡನೇ ಸಲವೂ ಬಂದರು. ಕೊನೆಗೆ ಗಚಾಂಜ ಬಂದ. ತಟ್ಟೆ ಹಿಡಿಯಲಿಲ್ಲ.

"ಬರೋ ವರ್ಷದಿಂದ ಅಡುಗೆಗೆ ಬೇರೆಯವರನ್ನ ನೋಡ್ತೀವಿ," ಎಂದ.

"ನೋಡಿ. ನಾನು ಆಗ ಬೆಂಚಿನ ಮೇಲೆ ಕೂತಿರ್ತೀನಿ," ಎಂದಳು. ಒಂದು ತಟ್ಟೆಗೆ ಮಾಂಸ ಹಾಕಿ ಅವನ ಮುಂದೆ ಹಿಡಿದಳು. "ತಿನ್ನಿ. ನಿಮ್ಮದೂ ಷೇರಿದೆ."

ಅವನು ತೆಗೆದುಕೊಳ್ಳಲಿಲ್ಲ. ಮುಚೆಮಿ ತೆಗೆದುಕೊಂಡ. ಗೋಡೆಗೆ ಒರಗಿ, ಯಾರ ಜೊತೆಗೂ ಮಾತಾಡದೆ ತಿಂದ.

ಷೇರನ್ನು ತನ್ನ ಹೆಸರಿಗೆ ಮಾಡಿಸಲು ವರುಗುರು ನ್ಯೇರಿಯ ಕೋರ್ಟಿಗೆ ಅಲೆಯತೊಡಗಿದಳು. ಗುಮಾಸ್ತರು ನಾಳೆ ಬಾ ಎನ್ನುತ್ತಿದ್ದರು. ನಾಳೆ ಹೋಗುತ್ತಿದ್ದಳು. ಅಷ್ಟರಲ್ಲಿ ಮುಚೆಮಿ ನಕುರುವಿನ ಯಾವುದೋ ದೊಡ್ಡ ಕಂಪನಿಗೆ ಹೊರಟುಹೋದ. ಹೊಸ ಮ್ಯಾನೇಜರಿಗೆ ಕೆಲಸ ಅಷ್ಟು ಬರಲಿಲ್ಲ. ಲಾರಿ ತಡವಾಯಿತು, ದುಡ್ಡು ತಡವಾಯಿತು, ಒಂದು ತಿಂಗಳು ಹಾಲಿನ ಬೆಲೆಯೂ ಇಳಿಯಿತು. ಆಗ ಬೇಡ ಎಂದು ಕೈ ಎತ್ತಿದವರೇ ಶೆಡ್ಡಿನ ಮುಂದೆ ಅವಳನ್ನು ಹಿಡಿದು ನಿಲ್ಲಿಸಿದರು.

"ನಿನ್ನ ಮುಚ್ಚಳದಿಂದ ಒಳ್ಳೆ ಮ್ಯಾನೇಜರು ಹೋದ," ಎಂದ ಒಬ್ಬ.

"ಹೋದ."

"ಬೆಲೆ ಇಳೀತು."

"ಇಳೀತು. ಏರುತ್ತೆ. ಏರದಿದ್ರೆ ಈ ಹೊಸಬನನ್ನೂ ಓಡಿಸಿ ಇನ್ನೊಬ್ಬನ್ನ ತರೋಣ. ಕಂಪನಿ ನಮ್ಮ ಕೈಲಿದೆಯಲ್ಲ, ಓಡಿಸೋಕೆ."

"ನಿಂಗೆ ಸ್ವಲ್ಪಾನೂ ಬೇಜಾರಿಲ್ವಾ?"

ಬೇಜಾರು. ಅವಳಿಗೆ ನಗು ಬಂತು. ಗಂಡ ಹೋದ ಮೇಲೆ ಅದನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ. ಈಗ ಕೇಳಿದ್ದು ಹಾಲಿನ ಬೆಲೆ ಇಳಿದದ್ದಕ್ಕೆ.

ಬೆನ್ನಿನಿಂದ ಕ್ಯಾನು ಇಳಿಸಿ, ಮುಚ್ಚಳ ಬಿಚ್ಚಿ, ಅಳೆಯುವವನ ಮುಂದೆ ತಳ್ಳಿದಳು.

"ಕೊಳವೆ ತೇಲ್ಸು," ಎಂದಳು. "ನೋಡ್ಕೋ, ನೀರಿಲ್ಲ."